ವೀರಯೋಧ ಅಜ್ಜಮಾಡ ದೇವಯ್ಯ

ನಮ್ಮ ಕಟ್ಟಬೆಟ್ಟಿನ ವಿದ್ಯಾರ್ಥಿಗಳಿಗೆ ಸೈನಿಕರು ಹೊಸಬರೇನಲ್ಲ. ಕೂನೂರಿಗೆ ಹೋಗಿಬರುವವರು ಪಕ್ಕದ ವೆಲ್ಲಿಂಗ್ಟನ್ನಿನಲ್ಲಿ ಮದ್ರಾಸ್ ರೆಜಿಮೆಂಟಿನ ಜವಾನರನ್ನು ನೋಡಿಯೇ ಇರುತ್ತಾರೆ. ಭೂಸೇನೆ, ನೌಕಾಸೇನೆ, ವಾಯುಸೇನೆ ಈ ಮೂರರ ಅಧಿಕಾರಿಗಳೂ ಒಟ್ಟಿಗೆ ಕುಳಿತು ಕಲಿಯುವ ಸ್ಟಾಫ್ ಕಾಲೇಜು ಸಹ ಅಲ್ಲಿಯೇ ಇದೆ. ಆದರೆ ನಮ್ಮ ಕಣ್ಣಿಗೆ ಬೀಳುವುದು ಅವರ ಕವಾಯತು, ಅವರ ಬ್ಯಾಂಡು, ಮಿನುಗುವ ಬೂಟು ಇಷ್ಟೇ. ರಣರಂಗದಲ್ಲಿ ಒಬ್ಬ ಯೋಧನು ಏನು ಮಾಡಿದನೆಂಬುದು ಜೊತೆಗಿದ್ದವರು ಬಂದು ಹೇಳಿದಾಗ ಮಾತ್ರ ಊರಿಗೆ ತಿಳಿಯುತ್ತದೆ. ಜೊತೆಗಿದ್ದವರು ಯಾರೂ ನೋಡದೇ ಹೋದರೆ ಏನು ಗತಿ? ಅಂತಹ ಒಬ್ಬ ಯೋಧನ ಜೀವನವೃತ್ತಾಂತವನ್ನು ಇಲ್ಲಿ ಬರೆಯಲು ಪ್ರಯತ್ನಿಸಿದ್ದೇನೆ. ಅವರೇ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು.

ಉದಕಮಂಡಲದಿಂದ ಮಸಿನಗುಡಿಗೆ ಇಳಿದು, ತೆಪ್ಪಕಾಡು, ಬಂಡೀಪುರ, ಗುಂಡ್ಲುಪೇಟೆಗಳನ್ನು ದಾಟಿ ಮೈಸೂರು ಸೇರಿ, ಅಲ್ಲಿಂದ ಪಶ್ಚಿಮಕ್ಕೆ ಹೊರಟರೆ ಕೊಡಗು ಸಿಗುತ್ತದೆ. ನಮ್ಮ ಹಾಗೆಯೇ ಅವರದೂ ಬೆಟ್ಟದ ಸೀಮೆ. ನಮಗೆ ಚಹ, ಅವರಿಗೆ ಕಾಫಿ. ದೇವಯ್ಯನವರು ಹುಟ್ಟಿದ್ದು 1932ನೆಯ ಇಸವಿ ಡಿಸೆಂಬರ್ 24ರಂದು. ಆಗ ಕೊಡಗು ಮೈಸೂರು ಸಂಸ್ಥಾನಕ್ಕೂ ಸೇರದೆ, ಮದರಾಸು ಪ್ರಾಂತಕ್ಕೂ ಸೇರದೆ ತಾನೇ ಒಂದು ಪುಟ್ಟ ಪ್ರಾಂತವಾಗಿತ್ತು. ಅವರ ಹೆಸರಿನಲ್ಲಿರುವ ಅಜ್ಜಮಾಡ ಎಂಬುದು ಒಕ್ಕದ, ಅಂದರೆ ಮನೆತನದ ಹೆಸರು. ಬೋಪಯ್ಯ ತಂದೆಯ ಹೆಸರು. ದೇವಯ್ಯ ಎಂಬುದು ಅವರದೇ ಹೆಸರು. ಕೊಡವರಲ್ಲಿ ಹೆಸರು ಹೇಳಿದರೆ ಸಾಕು, ಯಾವ ಮನೆ, ಯಾರ ಮಗ ಎಂಬುದೆಲ್ಲವೂ ತಿಳಿದುಬಿಡುತ್ತದೆ.

ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರಿಸಿ ಊರಿಗೆ ಸಾರುವುದು ಪದ್ಧತಿ. ಹರಳುಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲುಬಾಣವನ್ನು ಹಸುಗೂಸಿನ ಕೈಗೆ ಮುಟ್ಟಿಸುವರು. ವರ್ಷಕ್ಕೊಮ್ಮೆ ಸೆಪ್ಟೆಂಬರ್ ತಿಂಗಳ ಮೊದಲ ದಿನಗಳಲ್ಲಿ ಕೈಲ್ ಮುಹೂರ್ತ ಬರುತ್ತದೆ. ನಾಟಿಯ ಕೆಲಸ ಮುಗಿದ ಮೇಲೆ ಬರುವ ಈ ಹಬ್ಬದಲ್ಲಿ ಕೋವಿ, ಕತ್ತಿಗಳಿಗೆ ಹೂವು ಮುಡಿಸಿ ಪೂಜೆ ಮಾಡುವರು. ಮರಣವಾದಾಗ ಎರಡು ಗುಂಡು. ಆ ಸದ್ದು ಕೇಳಿದೊಡನೆ ಸುತ್ತಲಿನವರು ಕೆಲಸ ಬಿಟ್ಟು ಸಾವಿನ ಮನೆಗೆ ಬರುವರು. ಈ ಎರಡು ಗುಂಡಿನ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಇಂತಹ ಸೀಮೆಯ ಹುಡುಗರು ಸೈನ್ಯಕ್ಕೆ ಸೇರುವುದು ಅಚ್ಚರಿಯೇನೂ ಅಲ್ಲ. ದೇವಯ್ಯನವರು ಯುವಕರಾಗಿದ್ದಾಗ ಸ್ವತಂತ್ರ ಭಾರತದ ಭೂಸೇನೆಯ ಮೊದಲ ಭಾರತೀಯ ದಂಡನಾಯಕರಾಗಿದ್ದವರು ಕೊಡಗಿನ ಕಾರಿಯಪ್ಪನವರೇ. ತಿಮ್ಮಯ್ಯನವರ ಹೆಸರೂ ಮನೆಮಾತಾಗಿತ್ತು. ಆದರೆ ದೇವಯ್ಯನವರು ಆರಿಸಿಕೊಂಡದ್ದು ನೆಲವನ್ನಲ್ಲ, ಆಕಾಶವನ್ನು. 1954ರ ಡಿಸೆಂಬರಿನಲ್ಲಿ, ಇಪ್ಪತ್ತೆರಡು ತುಂಬುವುದಕ್ಕೆ ಕೆಲವೇ ದಿನಗಳಿರುವಾಗ, ವಾಯುಸೇನೆಯ ಅಧಿಕಾರಿಯಾಗಿ, ವಿಮಾನ ಚಾಲಕರಾಗಿ ಸೇರಿದರು. ಮುಂದಿನ ಹತ್ತು ವರ್ಷಗಳಲ್ಲಿ ಸ್ಕ್ವಾಡ್ರನ್ ಲೀಡರ್ ದರ್ಜೆಗೆ ಏರಿದರು. ಸುಂದರಿಯವರನ್ನು ಮದುವೆಯಾಗಿ ಇಬ್ಬರು ಹೆಣ್ಣುಮಕ್ಕಳ ತಂದೆಯಾದರು. 1965ರಲ್ಲಿ ಅವರು ವಾಯುಸೇನೆಯ ತರಬೇತಿ ಕಾಲೇಜಿನಲ್ಲಿ ಶಿಕ್ಷಕರಾಗಿದ್ದರು. ಎಳೆಯ ಚಾಲಕರ ಪಕ್ಕದಲ್ಲಿ ಕುಳಿತು ವಿಮಾನ ಹಾರಿಸಲು ಕಲಿಸುವುದು ಅವರ ಕೆಲಸ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅವರು ಮೇಷ್ಟ್ರಾಗಿದ್ದರು.

ಆ ವರ್ಷದ ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಸೈನ್ಯವು ಜಮ್ಮುವಿನ ಛಾಂಬ್ ಪ್ರದೇಶದಲ್ಲಿ ಟ್ಯಾಂಕುಗಳೊಡನೆ ಮುನ್ನುಗ್ಗಿತು. 6ರಂದು ನಮ್ಮ ಸೈನ್ಯ ಲಾಹೋರಿನ ದಿಕ್ಕಿನಲ್ಲಿ ಗಡಿ ದಾಟಿತು. ಯುದ್ಧ ಬಂದಾಗ ಕಲಿಸುವವರನ್ನೂ ಕರೆಯುತ್ತಾರೆ. ದೇವಯ್ಯನವರು ಪಂಜಾಬಿನ ಜಲಂಧರದ ಬಳಿಯ ಆದಂಪುರ ನೆಲೆಗೆ ಬಂದು ಒಂದನೆಯ ಸ್ಕ್ವಾಡ್ರನ್ನನ್ನು ಸೇರಿದರು. 6ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ನೆಲೆಗಳ ಮೇಲೆ ಎರಗಿದವು. ಪಠಾಣ್‌ಕೋಟಿನಲ್ಲಿ ನಿಂತಿದ್ದ ಹಾಗೆಯೇ ಹಲವು ವಿಮಾನಗಳು ಸುಟ್ಟುಹೋದವು. ಅದೇ ರಾತ್ರಿ ಪಠಾಣ್‌ಕೋಟ್, ಹಲ್ವಾರಾ, ಆದಂಪುರಗಳ ಸುತ್ತ ಶತ್ರುವಿನ ಪ್ಯಾರಾಚೂಟ್ ಸೈನಿಕರು ಇಳಿದರು. ಹೊಲಗಳಲ್ಲಿ ಚದುರಿಹೋದ ಅವರಲ್ಲಿ ಹೆಚ್ಚಿನವರು ಸೆರೆಸಿಕ್ಕರು ಎಂಬುದೇನೋ ನಿಜ. ಆದರೂ ಅಂತಹ ರಾತ್ರಿ ಆದಂಪುರದಲ್ಲಿ ಯಾರಿಗೆ ತಾನೆ ನಿದ್ದೆ ಬಂದೀತು?

ಬೆಳಗಾಗುವ ಮುಂಚೆಯೇ ಅವರಿಗೆ ಕೆಲಸ ಕಾದಿತ್ತು. ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಬೇಕೆಂದು ಆಜ್ಞೆಯಾಗಿತ್ತು. ಅದು ಆ ದೇಶದ ಅತ್ಯಂತ ಪ್ರಬಲವಾದ ನೆಲೆ, ಗಡಿಯಿಂದ ಬಹಳ ಒಳಗೆ ಇದ್ದದ್ದು. ಹೋಗಬೇಕಾದ ವಿಮಾನಗಳು ಫ್ರಾನ್ಸಿನಲ್ಲಿ ತಯಾರಾದ ಮಿಸ್ಟೇರ್‌ಗಳು. 1957ರಿಂದ ನಮ್ಮ ವಾಯುಸೇನೆಯಲ್ಲಿದ್ದ ಈ ಒಂಟಿ ಎಂಜಿನಿನ ಜೆಟ್‌ಗಳು ಗಟ್ಟಿಮುಟ್ಟಾದವು, ಆದರೆ ಆಗಲೇ ಹಳೆಯದಾಗುತ್ತಾ ಬಂದಿದ್ದವು. ರೇಡಾರಿನ ಕಣ್ಣಿಗೆ ಬೀಳದಂತೆ ನೆಲಕ್ಕೆ ತಾಗುವಷ್ಟು ಕೆಳಗೆ ಹಾರಬೇಕು. ಕೆಳಗೆ ಹಾರಿದರೆ ಜೆಟ್ ವಿಮಾನವು ಇಂಧನವನ್ನು ಗಟಗಟನೆ ಕುಡಿಯುತ್ತದೆ. ಲೆಕ್ಕ ಹಾಕಿ ನೋಡಿದಾಗ ಹೋಗಿ ಬರುವುದಕ್ಕೆ ಸರಿಹೋಗುವಷ್ಟು ಮಾತ್ರ ಇಂಧನವಿತ್ತು. ದಾರಿಯಲ್ಲಿ ಯಾರಾದರೂ ಅಡ್ಡಗಟ್ಟಿದರೆ ನಿಂತು ಕಾದಾಡುವುದಕ್ಕೆ ಮಿಗಿಲಾಗಿ ಏನೂ ಇರಲಿಲ್ಲ.

ವಿಂಗ್ ಕಮಾಂಡರ್ ತನೇಜಾ ಅವರ ಮುಂದಾಳ್ತನದಲ್ಲಿ ಹನ್ನೆರಡು ಮಿಸ್ಟೇರ್‌ಗಳು ಹೊರಡಬೇಕೆಂದು ಗೊತ್ತಾಗಿತ್ತು. ದೇವಯ್ಯನವರ ಹೆಸರು ಆ ಪಟ್ಟಿಯಲ್ಲಿ ಇದ್ದದ್ದು ಕಾದಿರಿಸಿದ ಚಾಲಕರೆಂದು. ಯಾವುದಾದರೂ ವಿಮಾನ ಕೆಟ್ಟು ನಿಂತರೆ ಆ ಜಾಗವನ್ನು ತುಂಬುವುದಕ್ಕೆ ಮಾತ್ರ ಅವರು ಬೇಕಾಗಿತ್ತು. ಕಬಡ್ಡಿ ಪಂದ್ಯದಲ್ಲಿ ಹೊರಗೆ ಕುಳಿತ ಆಟಗಾರನಂತೆ ಎಂದು ತಿಳಿಯಿರಿ. ಆಟಕ್ಕೆ ಕರೆ ಬಂದರೂ ಬರಬಹುದು, ಬರದೆಯೂ ಇರಬಹುದು. ಆದರೆ ಸಿದ್ಧನಾಗಿರಬೇಕು. 1965ರ ಸೆಪ್ಟೆಂಬರ್ 7ರಂದು ಕತ್ತಲೆಯಲ್ಲಿಯೇ ದಳ ಮೇಲೇರಿತು, ದೇವಯ್ಯನವರೂ ಏರಿ ಅದನ್ನು ಸೇರಿಕೊಂಡರು. ಕೊಡಗಿನ ಮನೆಗಳಲ್ಲಿ ಕೈಲ್ ಮುಹೂರ್ತದ ಹೂವು ಕೋವಿಗಳ ಮೇಲೆ ಇನ್ನೂ ಪೂರ್ತಿ ಒಣಗಿರದ ದಿನಗಳವು.

ದಾಳಿ ಮುಗಿಸಿ ದಳ ಹಿಂದಿರುಗಿತು. ದೇವಯ್ಯನವರು ಬರಲಿಲ್ಲ. ಜೊತೆಯವರನ್ನು ಕೇಳಿದರೆ ಯಾರೂ ನೋಡಿರಲಿಲ್ಲ. ನೆಲಕ್ಕೆ ಹತ್ತಿರ ಅತಿವೇಗದಿಂದ ಹಾರುತ್ತ, ಮಸುಕು ಬೆಳಕಿನಲ್ಲಿ, ಪ್ರತಿಯೊಬ್ಬನೂ ತನ್ನ ಮುಂದಿನ ವಿಮಾನವನ್ನೂ ಇಂಧನದ ಮುಳ್ಳನ್ನೂ ನೋಡುತ್ತಿರುವಾಗ ಹಿಂದೆ ಬರುವವನಿಗೆ ಏನಾಯಿತೆಂದು ನೋಡುವವರಾರು? ವಿಮಾನಕ್ಕೆ ಗುಂಡು ತಗುಲಿತೋ, ನೆಲಕ್ಕೆ ಅಪ್ಪಳಿಸಿತೋ, ಅಥವಾ ಅವರು ಕೆಳಗೆ ಹಾರಿಕೊಂಡು ಸೆರೆಯಾದರೋ ಯಾರಿಗೂ ಗೊತ್ತಿಲ್ಲ. ಕಾಣೆಯಾದವರ ಪಟ್ಟಿಯಲ್ಲಿ ಅವರ ಹೆಸರನ್ನು ಬರೆದರು.

ಅದೇ ಯುದ್ಧದಲ್ಲಿ ಕೊಡಗಿನ ಇನ್ನೊಂದು ಮನೆಗೂ ಇಂತಹದೇ ಆತಂಕ ಬಂತು. ನಿವೃತ್ತರಾಗಿದ್ದ ಜನರಲ್ ಕಾರಿಯಪ್ಪನವರ ಮಗನೂ ವಾಯುಸೇನೆಯ ಚಾಲಕರಾಗಿದ್ದರು. ಅವರ ವಿಮಾನವನ್ನು ಸೆಪ್ಟೆಂಬರ್ 22ರಂದು ಹೊಡೆದುರುಳಿಸಿ ಅವರನ್ನು ಸೆರೆಹಿಡಿದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರು ಹಿಂದೆ ಕಾರಿಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಬೇಕಾದರೆ ಮಗನನ್ನು ಬಿಟ್ಟುಬಿಡುವುದಾಗಿ ಅವರು ತಿಳಿಸಿದರೆಂದೂ, ಸೆರೆಯಲ್ಲಿರುವ ಯೋಧರೆಲ್ಲರೂ ತನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಬೇಕೆಂದು ಕಾರಿಯಪ್ಪನವರು ಉತ್ತರಿಸಿದರೆಂದೂ ಪ್ರಸಿದ್ಧವಾಗಿದೆ. ಯುದ್ಧ ಮುಗಿದು ಕೈದಿಗಳ ಬಿಡುಗಡೆಯಾದಾಗ ಆ ಮಗ ಮನೆಗೆ ಬಂದರು. ಆ ಕೈದಿಗಳಲ್ಲಿ ದೇವಯ್ಯನವರು ಇರಲಿಲ್ಲ.

ಸೈನಿಕ ಮಡಿದನೆಂದು ತಿಳಿದರೆ ಮನೆಯವರು ಅಳುತ್ತಾರೆ, ಕರ್ಮಾಂತರಗಳನ್ನು ಮಾಡುತ್ತಾರೆ, ಕ್ರಮೇಣ ಎದೆ ಗಟ್ಟಿ ಮಾಡಿಕೊಳ್ಳುತ್ತಾರೆ. ಕಾಣೆಯಾದನೆಂದರೆ ಮನೆಯವರು ಏನು ಮಾಡಬೇಕು? ಆ ಎರಡು ಗುಂಡುಗಳನ್ನು ಯಾವ ದಿನ ಹಾರಿಸಬೇಕು? ಎಳೆಯ ಮಕ್ಕಳಿಗೆ ತಂದೆ ಎಲ್ಲಿ ಎಂದರೆ ಏನು ಹೇಳಬೇಕು? ಸುಂದರಿಯವರು ಕಳೆದ ಆ ವರ್ಷಗಳನ್ನು ನೆನೆದರೆ, ಯುದ್ಧದಲ್ಲಿ ಹೋರಾಡುವವರು ಗಡಿಯಲ್ಲಿರುವವರು ಮಾತ್ರವೇ ಎಂಬ ಸಂದೇಹ ನನಗೆ ಬರುತ್ತದೆ. ದೇವಯ್ಯನವರು ಮಡಿದಿರಬೇಕೆಂದು ಸರ್ಕಾರ ಕೊನೆಗೆ ತೀರ್ಮಾನಿಸಿತು. ಪದಕದ ಮಾತೇ ಇರಲಿಲ್ಲ. ಏನು ಮಾಡಿದರೆಂದು ಗೊತ್ತಿಲ್ಲದವರಿಗೆ ಪದಕ ಕೊಡುವುದಾದರೂ ಹೇಗೆ?

ಹದಿನಾಲ್ಕು ವರ್ಷ ಕಳೆಯಿತು. 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ ಆ ಯುದ್ಧದ ವಿಮಾನ ಕದನಗಳ ಬಗ್ಗೆ ಒಂದು ಪುಸ್ತಕ ಬರೆದ. ಪಾಕಿಸ್ತಾನದ ವಾಯುಸೇನೆಯ ನೆರವು ಪಡೆದು, ಆ ಕಡೆಯ ಚಾಲಕರ ಅನುಭವಗಳನ್ನು ಕೇಳಿ ಬರೆದ ಪುಸ್ತಕವದು. ಅದರಲ್ಲಿ ಸೆಪ್ಟೆಂಬರ್ 7ರ ಮುಂಜಾನೆಯ ಸಂಗತಿಯೂ ಬಂದಿತ್ತು. ಅಂದು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಎಂಬ ಪಾಕಿಸ್ತಾನದ ಚಾಲಕನು ಸ್ಟಾರ್‌ಫೈಟರ್ ವಿಮಾನದಲ್ಲಿ ಬಂದು, ಹಿಂದಿರುಗುತ್ತಿದ್ದ ಒಂದು ಮಿಸ್ಟೇರನ್ನು ಅಡ್ಡಗಟ್ಟಿದನು. ಅಮೆರಿಕದಲ್ಲಿ ತಯಾರಾದ ಸ್ಟಾರ್‌ಫೈಟರ್ ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲದು, ಕ್ಷಿಪಣಿಗಳನ್ನು ಹೊತ್ತದ್ದು. ಮಿಸ್ಟೇರ್‌ಗಾದರೋ ಶಬ್ದದ ವೇಗವನ್ನು ಮುಟ್ಟುವುದೇ ಕಷ್ಟ. ಅದರ ಮೂಗಿನ ಕೆಳಗೆ ಎರಡು ಫಿರಂಗಿಗಳಿದ್ದವು. ಅಮ್ಜದನ ಗುಂಡುಗಳು ಮಿಸ್ಟೇರ್‌ಗೆ ತಗುಲಿದವು. ಇದರ ಕಥೆ ಮುಗಿಯಿತೆಂದು ಅವನು ಭಾವಿಸಿದನು.

ಮುಗಿದಿರಲಿಲ್ಲ. ಪೆಟ್ಟು ತಿಂದ ಮಿಸ್ಟೇರ್ ಓಡಿಹೋಗದೆ ತಿರುಗಿ ನಿಂತಿತು. ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಸ್ಟಾರ್‌ಫೈಟರಿನ ರೆಕ್ಕೆಗಳು ಬಹಳ ಚಿಕ್ಕವು. ನೇರವಾಗಿ ಹೋಗುವಾಗ ಅದನ್ನು ಹಿಡಿಯುವವರಿಲ್ಲ, ಆದರೆ ಬಿಗಿಯಾಗಿ ತಿರುಗಲು ಅದಕ್ಕೆ ಆಗದು. ಮೈಸೂರು ರಸ್ತೆಯಲ್ಲಿ ಬಾಣದಂತೆ ಓಡುವ ದೊಡ್ಡ ಕಾರು ಕಲ್ಲಟ್ಟಿ ಘಾಟಿಯ ಮೂವತ್ತಾರು ತಿರುವುಗಳಲ್ಲಿ ಏದುಸಿರು ಬಿಡುವುದಿಲ್ಲವೇ, ಹಾಗೆ. ಮಿಸ್ಟೇರ್ ಕೆಳಮಟ್ಟದಲ್ಲಿ ಚೆನ್ನಾಗಿ ತಿರುಗಬಲ್ಲದು. ವರ್ಷಗಟ್ಟಲೆ ಇತರರಿಗೆ ಹಾರಾಟ ಕಲಿಸಿದ ಶಿಕ್ಷಕರಿಗೆ ಇದು ಗೊತ್ತಿರದೆ ಇದ್ದೀತೆ? ತಿರುಗಿ ಬಂದ ಮಿಸ್ಟೇರಿನ ಫಿರಂಗಿಗಳು ಸ್ಟಾರ್‌ಫೈಟರನ್ನು ಹೊಡೆದವು. ಅಮ್ಜದ್ ಹುಸೇನನು ಪ್ಯಾರಾಚೂಟಿನಿಂದ ಇಳಿದು ಬದುಕಿಕೊಂಡನು. ಮಿಸ್ಟೇರ್ ಸಹ ನೆಲಕ್ಕುರುಳಿತು. ಅದರ ಚಾಲಕ ಬದುಕಲಿಲ್ಲ.

ಯಾರು ಆ ಚಾಲಕ? ಆ ಮುಂಜಾನೆ ಹೋದ ಮಿಸ್ಟೇರ್‌ಗಳಲ್ಲಿ ಹಿಂದಿರುಗದೆ ಉಳಿದದ್ದು ದೇವಯ್ಯನವರದೊಂದೇ. ನಮ್ಮ ವಾಯುಸೇನೆಯವರು ಪುಸ್ತಕವನ್ನೂ ತಮ್ಮ ದಾಖಲೆಗಳನ್ನೂ ಹೋಲಿಸಿ ನೋಡಿದರು. ದಳದ ನಾಯಕರಾಗಿದ್ದ ತನೇಜಾ ಅವರೂ ತಮ್ಮ ಹಳೆಯ ಜೊತೆಗಾರನ ಪರವಾಗಿ ಮಾತನಾಡಿದರು. ಕಾದಾಡುವಷ್ಟು ಇಂಧನವಿಲ್ಲವೆಂದು ತಿಳಿದಿದ್ದೂ, ಗಾಯಗೊಂಡ ವಿಮಾನದಲ್ಲಿ, ತನಗಿಂತ ಎಷ್ಟೋ ಮೇಲಾದ ವಿಮಾನದ ಮೇಲೆ ತಿರುಗಿಬಿದ್ದವರು ಯಾರೆಂಬುದು ಹೀಗೆ ಖಚಿತವಾಯಿತು. ಆಗ ಅವರ ವಯಸ್ಸು ಮೂವತ್ತೆರಡು ವರ್ಷ ಎಂಟು ತಿಂಗಳು.

ನನಗೆ ಈ ವೃತ್ತಾಂತದಲ್ಲಿ ಮತ್ತೆ ಮತ್ತೆ ಕಾಡುವುದು ಇದೇ ಅಂಶ. ನಮ್ಮವರಾರೂ ಕಾಣದ ಸಾಹಸಕ್ಕೆ ಶತ್ರುವೇ ಸಾಕ್ಷಿಯಾದ. ಅಮ್ಜದ್ ಹುಸೇನ್ ಅಂದು ಬದುಕಿ ಉಳಿಯದಿದ್ದರೆ, ಅಥವಾ ತನ್ನ ಸೋಲಿನ ಮಾತನ್ನು ಮುಚ್ಚಿಟ್ಟಿದ್ದರೆ, ದೇವಯ್ಯನವರ ಹೆಸರು ಇಂದಿಗೂ ಕಾಣೆಯಾದವರ ಪಟ್ಟಿಯಲ್ಲಿಯೇ ಇರುತ್ತಿತ್ತು. ದೇವಯ್ಯನವರಾದರೋ ಯಾರಾದರೂ ನೋಡಿಯಾರು, ಹೇಳಿಯಾರು ಎಂದು ತಿರುಗಿದವರಲ್ಲ. ಆ ಕ್ಷಣದಲ್ಲಿ ಅವರ ಸುತ್ತ ನೋಡುವವರು ಯಾರೂ ಇರಲಿಲ್ಲ.

1988ರಲ್ಲಿ, ಅಂದರೆ ಇಪ್ಪತ್ತಮೂರು ವರ್ಷಗಳ ಮೇಲೆ, ಭಾರತ ಸರ್ಕಾರವು ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಿತು. ಯುದ್ಧಭೂಮಿಯ ಶೌರ್ಯಕ್ಕೆ ಕೊಡುವ ಪದಕಗಳಲ್ಲಿ ಇದು ಪರಮವೀರ ಚಕ್ರದ ನಂತರದ್ದು. ಬೆಳ್ಳಿಯ ದುಂಡನೆಯ ಬಿಲ್ಲೆ, ಅದರ ಮೇಲೆ ಐದು ಮೂಲೆಯ ನಕ್ಷತ್ರ, ಅರ್ಧ ಬಿಳಿ ಅರ್ಧ ಕಿತ್ತಳೆ ಬಣ್ಣದ ಪಟ್ಟಿ. ಅದನ್ನು ಸುಂದರಿಯವರು ಸ್ವೀಕರಿಸಿದರು. ವಾಯುಸೇನೆಯಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಪಡೆದವರು ದೇವಯ್ಯನವರೊಬ್ಬರೇ. 2025ರಲ್ಲಿ ಹೆಸರುಗಳನ್ನು ಬದಲಾಯಿಸಿ ಈ ಸಂಗತಿಯನ್ನು ಆಧರಿಸಿದ ಹಿಂದಿ ಚಲನಚಿತ್ರವೊಂದು ಸಹ ಬಂತು. ಚಲನಚಿತ್ರವೆಂದರೆ ಸ್ವಲ್ಪ ಬಣ್ಣ ಬಳಿದೇ ಇರುತ್ತಾರೆ. ನೋಡಿದವರು ನಿಜ ವೃತ್ತಾಂತವನ್ನೂ ಓದಿಕೊಳ್ಳುವುದು ಮೇಲು.

ಅವರ ದೇಹ ಊರಿಗೆ ಬರಲಿಲ್ಲ. ಬಿದ್ದಲ್ಲಿಯೇ ಅಲ್ಲಿನ ಹಳ್ಳಿಯ ಜನ ಅವರನ್ನು ಮಣ್ಣು ಮಾಡಿದರೆಂದು ಆ ಕಡೆಯ ಬರಹಗಳಿಂದ ತಿಳಿದುಬಂತು. ತಮ್ಮ ದೇಶದ ನೆಲೆಯ ಮೇಲೆ ದಾಳಿ ಮಾಡಲು ಬಂದವನನ್ನು ಆ ರೈತರು ಹೊಲದಲ್ಲಿ ಹಾಗೆಯೇ ಬಿಟ್ಟುಬಿಡಲಿಲ್ಲ. ಇದನ್ನೂ ಹೇಳದಿದ್ದರೆ ಬರಹ ಅಪೂರ್ಣವಾಗುತ್ತದೆ.

ಶಾಲೆಯ ಪ್ರವಾಸದಲ್ಲಿ ಮಡಿಕೇರಿಗೆ ಹೋಗುವವರು ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಿ, ಅಬ್ಬಿ ಜಲಪಾತ ನೋಡಿ ಹಿಂದಿರುಗುವುದು ವಾಡಿಕೆ. ಅಲ್ಲಿಯ ಹಳೆಯ ಖಾಸಗಿ ಬಸ್ ನಿಲ್ದಾಣದ ಬಳಿಯ ವೃತ್ತಕ್ಕೆ ದೇವಯ್ಯನವರ ಹೆಸರಿದೆ, ಅವರ ಪ್ರತಿಮೆಯೂ ಇದೆ. ಕೈಲ್ ಮುಹೂರ್ತ ಕಳೆದು ಕೆಲವು ದಿನಗಳಿಗೆ ಸೆಪ್ಟೆಂಬರ್ 7 ಬರುತ್ತದೆ. ಅಂದು ಆ ಪ್ರತಿಮೆಗೆ ಹೂಮಾಲೆ ಹಾಕುತ್ತಾರೆ.