ಪಾಠದಿಂದ ಗ್ರಂಥಕ್ಕೆ: ಪ್ರೊ. ಎಂ. ಹಿರಿಯಣ್ಣ

ಪ್ರೊ. ಎಂ. ಹಿರಿಯಣ್ಣನವರು ಜನಿಸಿದ್ದು 1871ರಲ್ಲಿ. ಅವರ ವೃತ್ತಿಜೀವನ ಆರಂಭವಾದದ್ದು ತರಗತಿಯಲ್ಲಲ್ಲ, ಮೈಸೂರಿನ ಓರಿಯೆಂಟಲ್ ಗ್ರಂಥಾಲಯದಲ್ಲಿ. ಮುಂದೆ ನಮ್ಮಂತೆಯೇ ಶಿಕ್ಷಕ ತರಬೇತಿ ಪಡೆದು, ಮೈಸೂರಿನ ನಾರ್ಮಲ್ ಶಾಲೆಯಲ್ಲಿ, ಅಂದರೆ ಶಿಕ್ಷಕರನ್ನು ತಯಾರು ಮಾಡುವ ಶಾಲೆಯಲ್ಲಿ, ಅಧ್ಯಾಪಕರಾದರು. 1912ರಲ್ಲಿ ಮಹಾರಾಜ ಕಾಲೇಜಿಗೆ ಸಂಸ್ಕೃತ ಉಪನ್ಯಾಸಕರಾಗಿ ಬಂದಾಗ ಅವರ ವಯಸ್ಸು ನಲವತ್ತು ದಾಟಿತ್ತು. ಪ್ರಾಧ್ಯಾಪಕರಾಗಿ 1927ರಲ್ಲಿ ನಿವೃತ್ತರಾದರು.

ಬಡ್ತಿ ಅಲ್ಲಿಗೆ ಮುಗಿಯಿತು, ಬೆಳವಣಿಗೆ ಮುಗಿಯಲಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಅನೇಕ ವರ್ಷ ಮಾಡಿದ ಪಾಠಗಳನ್ನೇ ಆಧಾರವಾಗಿಟ್ಟುಕೊಂಡು ಅವರು ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ ಎಂಬ ಗ್ರಂಥ ಬರೆದರು. ಅದು 1932ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಭಾರತೀಯ ತತ್ತ್ವಶಾಸ್ತ್ರ ಕಲಿಯುವವರು ಇಂದಿಗೂ ಅದನ್ನು ಓದುತ್ತಾರೆ. ಅವರು 1950ರಲ್ಲಿ ನಿಧನರಾದರು.

ಬಳಿಚಕ್ರದಲ್ಲಿ ಅಭ್ಯಾಸ ಪಾಠ ಮಾಡುವಾಗ ನಾನು ಹಿರಿಯ ಪ್ರಶಿಕ್ಷಣಾರ್ಥಿಯೊಬ್ಬರ ಪಾಠಯೋಜನೆಯನ್ನೇ ನಕಲು ಮಾಡಿಕೊಂಡು ಹೋಗಿದ್ದೆ. ಹುಡುಗಿಯೊಬ್ಬಳು ಕೇಳಿದ ಎರಡನೆಯ ಪ್ರಶ್ನೆಗೇ ಉತ್ತರವಿಲ್ಲದೆ ನಿಂತೆ. ಹಿರಿಯಣ್ಣನವರ ಬಗ್ಗೆ ಓದಿದ ಮೇಲೆ ಆ ದಿನ ಮತ್ತೆ ನೆನಪಾಯಿತು. ಕಾಲೇಜು ಅಧ್ಯಾಪಕರಿಗೆ ಪದವಿ, ಪುನಶ್ಚೇತನ ಶಿಬಿರಗಳು ಬೇಕೇ ಬೇಕು. ಆದರೆ ದಿನದ ಪಾಠವನ್ನು ತಾನೇ ಸಿದ್ಧಪಡಿಸುವ ರೂಢಿ ಇಲ್ಲದಿದ್ದರೆ ಅವು ಪ್ರಮಾಣಪತ್ರಗಳಾಗಿಯೇ ಉಳಿಯುತ್ತವೆ. ಈಗ ಮಕ್ಕಳ ಪ್ರಶ್ನೆಗಳನ್ನು ಪಾಠಯೋಜನೆಯ ಅಂಚಿನಲ್ಲಿ ಬರೆದಿಟ್ಟು, ಮರುದಿನದ ಪಾಠವನ್ನು ಅಲ್ಲಿಂದಲೇ ಆರಂಭಿಸುತ್ತಿದ್ದೇನೆ.