ಬಾತು ಹೊಡೆಯುತ್ತಿದ್ದ ದೋಣಿ ಚಾಂಪಿಯನ್ ಬಂದೂಕು ಕೆಳಗಿಟ್ಟ ಕಥೆ

ಹೊನ್ನಾಳಿ, ನ್ಯಾಮತಿ ಕಡೆಯವರಿಗೆ ಹೊಳೆ ಗೊತ್ತು, ತೆಪ್ಪ ಗೊತ್ತು. ಅಳಿವೆ ಮಾತ್ರ ಅಷ್ಟು ಪರಿಚಯ ಇಲ್ಲ, ಯಾಕಂದ್ರೆ ನಮ್ಮ ತುಂಗಭದ್ರೆ ಕೃಷ್ಣೆಗೆ ಸೇರಿಬಿಡುತ್ತಾಳೆ. ಹೊಳೆ ಸಮುದ್ರ ಸೇರುವ ಬಾಯಿಯೇ ಅಳಿವೆ. ಸಿಹಿ ನೀರು, ಉಪ್ಪು ನೀರು ಕೂಡುವ ಕೆಸರಿನ ಜಾಗ. ಮೀನು, ಏಡಿ ಜಾಸ್ತಿ, ಹಾಗಾಗಿ ಹಕ್ಕಿಗಳೂ ಜಾಸ್ತಿ. ಇಂಗ್ಲೆಂಡಿನ ಇಂಥ ಎರಡು ಅಳಿವೆಗಳಲ್ಲಿ ಬದುಕಿದವರು ಸರ್ ಪೀಟರ್ ಸ್ಕಾಟ್.

ಹುಟ್ಟಿದ್ದು 1909ರ ಸೆಪ್ಟೆಂಬರ್ 14ರಂದು. ಅಪ್ಪ ಕ್ಯಾಪ್ಟನ್ ರಾಬರ್ಟ್ ಸ್ಕಾಟ್ ದಕ್ಷಿಣ ಧ್ರುವ ಮುಟ್ಟಿ ವಾಪಸ್ ಬರುವಾಗ 1912ರಲ್ಲಿ ಹಿಮದಲ್ಲೇ ತೀರಿಕೊಂಡರು. ಮಗುವಿಗೆ ಆಗ ಮೂರು ವರ್ಷವೂ ತುಂಬಿರಲಿಲ್ಲ. ಸಾಯೋ ಮುಂಚೆ ಹೆಂಡತಿಗೆ ಬರೆದ ಪತ್ರದಲ್ಲಿ, ಮಗನಿಗೆ ಆಟಕ್ಕಿಂತ ಪ್ರಾಣಿ ಪಕ್ಷಿಗಳ ಮೇಲೆ ಆಸಕ್ತಿ ಹುಟ್ಟಿಸುವಂತೆ ಕೇಳಿಕೊಂಡಿದ್ದರು. ಮಗನಿಗೆ ಎರಡೂ ಹುಚ್ಚು ಹತ್ತಿತು.

1933ರಲ್ಲಿ ನೆನ್ ನದಿಯ ಅಳಿವೆಯ ಹಳೇ ಲೈಟ್‌ಹೌಸ್‌ನಲ್ಲಿ ಮನೆ ಮಾಡಿ, ಹಕ್ಕಿಗಳ ಚಿತ್ರ ಬರೆಯುತ್ತಾ ಕೂತರು. ಜೊತೆಗೆ ಹಾಯಿದೋಣಿ ರೇಸ್. 1936ರ ಒಲಿಂಪಿಕ್ಸ್‌ನಲ್ಲಿ ಒಬ್ಬರೇ ನಡೆಸುವ ದೋಣಿಯಲ್ಲಿ ಕಂಚು ಗೆದ್ದರು. ಗಾಳಿ ಜೋರಾದರೆ ಹಾಯಿದೋಣಿ ಒಂದು ಕಡೆ ವಾಲುತ್ತೆ. ಮಗುಚದಂತೆ ತಡೆಯೋಕೆ ಇನ್ನೊಂದು ಕಡೆ ಮನುಷ್ಯನ ಭಾರವೇ ಗತಿ. 1938ರ ಪ್ರಿನ್ಸ್ ಆಫ್ ವೇಲ್ಸ್ ಕಪ್‌ನಲ್ಲಿ ಸ್ಕಾಟ್ ಮತ್ತು ಗೆಳೆಯ ಜಾನ್ ವಿಂಟರ್ ತಮ್ಮ 14 ಅಡಿ ದೋಣಿಯ ಹಾಯಿಕಂಬದಿಂದ ಹಗ್ಗ ಇಳಿಬಿಟ್ಟು, ಮೈಗೆ ಸಿಕ್ಕಿಸಿಕೊಂಡು, ದೋಣಿ ಅಂಚಿಗೆ ಕಾಲು ಊರಿ, ನೀರಿನ ಮೇಲೆ ಮೈ ಚಾಚಿ ನಿಂತರು. ಗೆದ್ದರು. ಆಮೇಲೆ ಆ ಹಗ್ಗವನ್ನೇ ನಿಷೇಧ ಮಾಡಿದರು! ಈಗ ಒಲಿಂಪಿಕ್ಸ್‌ನಲ್ಲೂ ಅದು ಮಾಮೂಲಿ.

ಇನ್ನೊಂದು ಮುಖ ಅಷ್ಟು ಚೆಂದ ಇಲ್ಲ. ಚಿತ್ರ ಬರೆದ ಹೆಬ್ಬಾತುಗಳನ್ನೇ ಅದೇ ಅಳಿವೆಯಲ್ಲಿ ಗುಂಡು ಹೊಡೆದು ಬೀಳಿಸುತ್ತಿದ್ದರು. ಯುದ್ಧದಲ್ಲಿ ನೌಕಾಪಡೆ ಸೇವೆ ಮುಗಿಸಿ, 1946ರಲ್ಲಿ ಸೆವರ್ನ್ ನದಿಯ ಅಳಿವೆಯ ಸ್ಲಿಂಬ್ರಿಜ್‌ನಲ್ಲಿ ನೀರುಹಕ್ಕಿಗಳ ಟ್ರಸ್ಟ್ ಕಟ್ಟಿದರು. ಹಾಗಂತ ಬಂದೂಕು ತಕ್ಷಣ ಬಿಡಲಿಲ್ಲ. ಒಂದು ಸಲ ಹೊಡೆದ ಹೆಬ್ಬಾತು ಕಾಲು ಮುರಿದು ಕೆಸರಿಗೆ ಬಿದ್ದಿತ್ತು. ಹೂತುಹೋಗೋ ಕೆಸರು, ಯಾರೂ ಹತ್ತಿರ ಹೋಗೋಕೆ ಆಗಲ್ಲ. ಮರುದಿನ ಬಂದು ನೋಡಿದರೂ ಅದು ಜೀವ ಹಿಡಿದುಕೊಂಡು ಅಲ್ಲೇ ಇತ್ತು. ಆ ನೋಟ ಅವರನ್ನು ಬಿಡಲಿಲ್ಲ. 1950ರ ದಶಕದ ಶುರುವಿನಲ್ಲಿ ಬೇಟೆ ನಿಲ್ಲಿಸಿದರು.

ಅದೇ ಹೊತ್ತಿಗೆ ಹವಾಯಿ ದ್ವೀಪದ ನೇನೇ ಹೆಬ್ಬಾತು ಸುಮಾರು 30 ಮಾತ್ರ ಉಳಿದಿತ್ತು. 1950ರಲ್ಲಿ ಜೋಡಿ ಅಂತ ಸ್ಲಿಂಬ್ರಿಜ್‌ಗೆ ಎರಡು ತಂದರು. ಎರಡೂ ಮೊಟ್ಟೆ ಇಟ್ಟವು, ಅಂದ್ರೆ ಎರಡೂ ಹೆಣ್ಣು! ಗಡಿಬಿಡಿಯಲ್ಲಿ ವಿಮಾನದಲ್ಲಿ ಗಂಡು ತರಿಸಿದರು. ಸಂತತಿ ಬೆಳೆದು, 1962ರಲ್ಲಿ ಅಲ್ಲಿಯ ಮರಿಗಳನ್ನು ಹವಾಯಿಯಲ್ಲಿ ಬಿಟ್ಟರು.

1961ರಲ್ಲಿ ವಿಶ್ವ ವನ್ಯಜೀವಿ ನಿಧಿ ಕಟ್ಟಿದವರಲ್ಲಿ ಇವರೂ ಒಬ್ಬರು. ಅದರ ಪಾಂಡಾ ಗುರುತು ಇವರ ಕೈಯದ್ದು. 1964ರಲ್ಲಿ ಅಮೆರಿಕಾಸ್ ಕಪ್‌ಗೆ ಬ್ರಿಟನ್ ದೋಣಿ ನಡೆಸಿ 4-0ಯಿಂದ ಸೋತರು. 1989ರ ಆಗಸ್ಟ್ 29ರಂದು ತೀರಿಕೊಂಡರು.

ಜೌಗು ಪ್ರದೇಶ ಉಳಿಸೋಕೆ 1971ರಲ್ಲಿ ಇರಾನಿನ ರಾಮ್ಸಾರ್‌ನಲ್ಲಿ ಆದ ಒಪ್ಪಂದಕ್ಕೂ ಸ್ಲಿಂಬ್ರಿಜ್‌ನವರು ದುಡಿದಿದ್ದರು. ಆ ಪಟ್ಟಿಗೆ 2024ರಲ್ಲಿ ನಮ್ಮ ರಾಜ್ಯದ ಅಂಕಸಮುದ್ರ, ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ ಸೇರಿವೆ. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರೋದೂ ಹೆಬ್ಬಾತುಗಳೇ.