ಫ್ರಾಂಕ್ ಜೂಲಿಯನ್ ಸ್ಪ್ರೇಗ್

ಫ್ರಾಂಕ್ ಜೂಲಿಯನ್ ಸ್ಪ್ರೇಗ್ (ಜುಲೈ 25, 1857 – ಅಕ್ಟೋಬರ್ 25, 1934) ಅಮೆರಿಕದ ವಿದ್ಯುತ್ ಎಂಜಿನಿಯರ್, ಸಂಶೋಧಕ ಹಾಗೂ ಉದ್ಯಮಿ. ವಿದ್ಯುತ್ ಮೋಟಾರು, ಟ್ರಾಮ್, ಲಿಫ್ಟು ಹಾಗೂ ನಗರ ರೈಲುಗಳ ಬೆಳವಣಿಗೆಗೆ ಇವರು ನೀಡಿದ ಕೊಡುಗೆ ಮಹತ್ವದ್ದು. ಅಮೆರಿಕದಲ್ಲಿ ಇವರನ್ನು ವಿದ್ಯುತ್ ಸಾರಿಗೆಯ ಪಿತಾಮಹರೆಂದು ಗೌರವಿಸಲಾಗುತ್ತದೆ. ವೇಗ ತಗ್ಗಿಸುವಾಗ ರೈಲಿನ ಚಲನಶಕ್ತಿಯನ್ನು ವಿದ್ಯುತ್ತಾಗಿ ಪರಿವರ್ತಿಸಿ ತಂತಿಗೆ ಮರಳಿಸುವ ಪುನರುತ್ಪಾದಕ ಬ್ರೇಕ್ ವಿಧಾನವನ್ನು ಆರಂಭದಲ್ಲಿಯೇ ಪ್ರಯೋಗಿಸಿದವರಲ್ಲಿ ಇವರು ಪ್ರಮುಖರು.

ಜನನ ಮತ್ತು ಬಾಲ್ಯ

ಸ್ಪ್ರೇಗ್ ಅವರು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮಿಲ್ಫರ್ಡ್ ಎಂಬಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡರು. ತಂದೆ ಜೀವನೋಪಾಯಕ್ಕಾಗಿ ದೇಶದ ಪಶ್ಚಿಮ ಭಾಗಕ್ಕೆ ತೆರಳಿದ್ದರಿಂದ, ಮ್ಯಾಸಚೂಸೆಟ್ಸ್ ರಾಜ್ಯದ ನಾರ್ತ್ ಆಡಮ್ಸ್ ಪಟ್ಟಣದಲ್ಲಿ ಬಂಧುಗಳ ಆಶ್ರಯದಲ್ಲಿ ಬೆಳೆದರು. ಶಾಲೆಯಲ್ಲಿ ಗಣಿತದಲ್ಲಿ ಮುಂದಿದ್ದ ಅವರು ಅನಾಪೊಲಿಸ್‌ನ ನೌಕಾ ಅಕಾಡೆಮಿಗೆ ಪ್ರವೇಶ ಪಡೆದು 1878ರಲ್ಲಿ ಪದವೀಧರರಾದರು.

ನೌಕಾಸೇವೆ

ಅಕಾಡೆಮಿಯಿಂದ ಹೊರಬಂದ ಸ್ಪ್ರೇಗ್ ಯುದ್ಧನೌಕೆಗಳಲ್ಲಿ ಅಧಿಕಾರಿಯಾಗಿ ಸೇವೆ ಸಲ್ಲಿಸಿದರು. ಲ್ಯಾಂಕಾಸ್ಟರ್ ಎಂಬ ನೌಕೆಯಲ್ಲಿ ಅವರು ಅಳವಡಿಸಿದ ವಿದ್ಯುತ್ ಕರೆಗಂಟೆಯ ವ್ಯವಸ್ಥೆಯು ಅಮೆರಿಕದ ನೌಕಾಪಡೆಯಲ್ಲಿ ಮೊದಲನೆಯದು. 1882ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ನಡೆದ ವಿದ್ಯುತ್ ಪ್ರದರ್ಶನದಲ್ಲಿ ತೀರ್ಪುಗಾರರ ಮಂಡಳಿಯ ಕಾರ್ಯದರ್ಶಿಯಾಗಿ ಕೆಲಸ ಮಾಡಿದರು. ಆ ದಿನಗಳಲ್ಲಿ ಲಂಡನ್ನಿನ ಸುರಂಗ ರೈಲುಗಳನ್ನು ಉಗಿ ಎಂಜಿನ್ನುಗಳು ಎಳೆಯುತ್ತಿದ್ದವು. ಹೊಗೆ ತುಂಬಿದ ಸುರಂಗಗಳಲ್ಲಿ ಪ್ರಯಾಣಿಸಿದ ಅನುಭವವು, ರೈಲುಗಳನ್ನು ವಿದ್ಯುತ್ತಿನಿಂದ ಏಕೆ ಓಡಿಸಬಾರದು ಎಂಬ ಆಲೋಚನೆಯನ್ನು ಅವರಲ್ಲಿ ಮೂಡಿಸಿತು.

ಎಡಿಸನ್ ಅವರೊಂದಿಗೆ

1883ರಲ್ಲಿ ನೌಕಾಪಡೆಗೆ ರಾಜೀನಾಮೆ ನೀಡಿದ ಸ್ಪ್ರೇಗ್ ಖ್ಯಾತ ಸಂಶೋಧಕ ಥಾಮಸ್ ಆಲ್ವಾ ಎಡಿಸನ್ ಅವರ ಬಳಿ ಸೇರಿದರು. ಎಡಿಸನ್ ಪ್ರಯೋಗಗಳನ್ನು ಮೇಲಿಂದ ಮೇಲೆ ಮಾಡಿ ಫಲ ಕಾಣುತ್ತಿದ್ದವರು. ಸ್ಪ್ರೇಗ್ ಮೊದಲು ಗಣಿತದಿಂದ ಲೆಕ್ಕ ಹಾಕಿ ಆಮೇಲೆ ಪ್ರಯೋಗಕ್ಕೆ ಇಳಿಯುತ್ತಿದ್ದವರು. ಎಡಿಸನ್ ಅವರ ಗಮನ ದೀಪಗಳ ಮೇಲಿದ್ದರೆ ಸ್ಪ್ರೇಗ್ ಅವರ ಮನಸ್ಸು ಮೋಟಾರುಗಳ ಮೇಲಿತ್ತು. 1884ರಲ್ಲಿ ಅವರು ಎಡಿಸನ್ ಅವರನ್ನು ಬಿಟ್ಟು ‘ಸ್ಪ್ರೇಗ್ ಎಲೆಕ್ಟ್ರಿಕ್ ರೈಲ್ವೆ ಅಂಡ್ ಮೋಟಾರ್ ಕಂಪನಿ’ಯನ್ನು ಸ್ಥಾಪಿಸಿದರು.

ಪುನರುತ್ಪಾದಕ ಬ್ರೇಕ್

ಭಾರ ಹೆಚ್ಚಾದರೂ ಕಡಿಮೆಯಾದರೂ ಒಂದೇ ವೇಗದಲ್ಲಿ ತಿರುಗುವ ಮೋಟಾರನ್ನು ರೂಪಿಸಿದ್ದು ಸ್ಪ್ರೇಗ್ ಅವರ ಮೊದಲ ದೊಡ್ಡ ಸಾಧನೆ. ಈ ಮೋಟಾರಿನ ಗುಣದಿಂದಲೇ ಅವರ ಬ್ರೇಕ್ ವಿಧಾನವೂ ಹುಟ್ಟಿತು.

ತಿರುಗುತ್ತಿರುವ ಪ್ರತಿಯೊಂದು ಮೋಟಾರೂ ತನ್ನೊಳಗೆ ತಂತಿಯ ವೋಲ್ಟೇಜಿಗೆ ವಿರುದ್ಧವಾದ ಒಂದು ವೋಲ್ಟೇಜನ್ನು ಉಂಟುಮಾಡುತ್ತದೆ. ಸಾಮಾನ್ಯ ಓಟದಲ್ಲಿ ಇದು ತಂತಿಯ ವೋಲ್ಟೇಜಿಗಿಂತ ಕಡಿಮೆ ಇರುವುದರಿಂದ ವಿದ್ಯುತ್ತು ತಂತಿಯಿಂದ ಮೋಟಾರಿಗೆ ಹರಿಯುತ್ತದೆ. ಗಾಡಿ ಓಡುತ್ತಿರುವಾಗಲೇ ಮೋಟಾರಿನ ಕಾಂತಕ್ಷೇತ್ರವನ್ನು ಬಲಪಡಿಸಿದರೆ ಒಳಗಿನ ವೋಲ್ಟೇಜು ತಂತಿಯ ವೋಲ್ಟೇಜನ್ನು ಮೀರುತ್ತದೆ. ಆಗ ವಿದ್ಯುತ್ತು ದಿಕ್ಕು ಬದಲಿಸಿ ಮೋಟಾರಿನಿಂದ ತಂತಿಗೆ ಹರಿಯುತ್ತದೆ. ಮೋಟಾರು ಜನರೇಟರ್ ಆಗಿ ಮಾರ್ಪಟ್ಟು ಗಾಡಿಯ ವೇಗವನ್ನು ತಗ್ಗಿಸುತ್ತದೆ. ಬ್ರೇಕಿನ ಕಟ್ಟೆಗಳಲ್ಲಿ ಬಿಸಿಯಾಗಿ ವ್ಯರ್ಥವಾಗುತ್ತಿದ್ದ ಶಕ್ತಿಯು ಅದೇ ಮಾರ್ಗದಲ್ಲಿ ಏರು ಹತ್ತುತ್ತಿರುವ ಮತ್ತೊಂದು ಗಾಡಿಗೆ ಒದಗುತ್ತದೆ.

1886ರ ಸುಮಾರಿಗೆ ಸ್ಪ್ರೇಗ್ ನ್ಯೂಯಾರ್ಕ್ ನಗರದ ಎತ್ತರಿಸಿದ ರೈಲುಮಾರ್ಗದ ಅಧಿಕಾರಿಗಳಿಗಾಗಿ ಈ ವಿಧಾನವನ್ನು ಪ್ರಯೋಗಿಸಿ ತೋರಿಸಿದರು. ಆ ಮಾರ್ಗದ ಒಡೆತನದಲ್ಲಿ ಪ್ರಮುಖರಾಗಿದ್ದ ಜೇ ಗೌಲ್ಡ್ ಒಂದು ಪ್ರದರ್ಶನಕ್ಕೆ ಬಂದಿದ್ದರು. ಗಾಡಿ ಹೊರಟ ಸ್ವಲ್ಪ ಹೊತ್ತಿಗೆ ಅವರ ಪಕ್ಕದಲ್ಲಿಯೇ ಇದ್ದ ಫ್ಯೂಸ್ ದೊಡ್ಡ ಬೆಳಕಿನೊಂದಿಗೆ ಕರಗಿತು. ಗೌಲ್ಡ್ ಬೆದರಿ ಗಾಡಿಯಿಂದ ಜಿಗಿಯಲು ಹೋದರು. ಮೋಟಾರನ್ನು ಕಾಪಾಡುವುದಕ್ಕೆಂದೇ ಇಟ್ಟಿದ್ದ ಸಾಧನ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಆದರೆ ಅದನ್ನು ಅಪಾಯವೆಂದು ಭಾವಿಸಿದ ಗೌಲ್ಡ್ ಯೋಜನೆಯಲ್ಲಿ ಆಸಕ್ತಿ ಕಳೆದುಕೊಂಡರು.

ರಿಚ್ಮಂಡ್ ಟ್ರಾಮ್ ವ್ಯವಸ್ಥೆ

1887ರಲ್ಲಿ ಸ್ಪ್ರೇಗ್ ವರ್ಜೀನಿಯಾ ರಾಜ್ಯದ ರಿಚ್ಮಂಡ್ ನಗರಕ್ಕೆ ವಿದ್ಯುತ್ ಟ್ರಾಮ್ ನಿರ್ಮಿಸುವ ಗುತ್ತಿಗೆಗೆ ಸಹಿ ಹಾಕಿದರು. 12 ಮೈಲಿ ಮಾರ್ಗ, 40 ಗಾಡಿ, 80 ಮೋಟಾರು ಹಾಗೂ ಒಂದು ವಿದ್ಯುದಾಗಾರವನ್ನು 90 ದಿನಗಳಲ್ಲಿ ಸಿದ್ಧಪಡಿಸಬೇಕಿತ್ತು. ವ್ಯವಸ್ಥೆ ತೃಪ್ತಿಕರವಾಗಿ ಓಡಿದರೆ ಮಾತ್ರ 1,10,000 ಡಾಲರ್ ಹಣ ಸಿಗುತ್ತಿತ್ತು. ಅಲ್ಲಿಯವರೆಗೆ ಜಗತ್ತಿನ ಯಾವ ವಿದ್ಯುತ್ ಟ್ರಾಮ್ ಮಾರ್ಗದಲ್ಲೂ ಇಷ್ಟು ಗಾಡಿಗಳು ಓಡಿರಲಿಲ್ಲ. ಸಹಿ ಹಾಕಿದ ಕೆಲವೇ ದಿನಗಳಲ್ಲಿ ಸ್ಪ್ರೇಗ್ ವಿಷಮಶೀತಜ್ವರದಿಂದ ಹಾಸಿಗೆ ಹಿಡಿದರು. ಚೇತರಿಸಿಕೊಂಡು ಬಂದಾಗ ಕಂಡದ್ದು ಮಣ್ಣಿನ ಮೇಲೆ ಸಡಿಲವಾಗಿ ಹಾಸಿದ ಹಳಿಗಳು, ಕಡಿದಾದ ತಿರುವುಗಳು ಮತ್ತು ಶೇಕಡಾ 10ರಷ್ಟು ಏರು, ಅಂದರೆ ನೂರು ಅಡಿ ಸಾಗುವಷ್ಟರಲ್ಲಿ ಹತ್ತು ಅಡಿ ಮೇಲಕ್ಕೆ.

ಒಂದು ರಾತ್ರಿ ಪರೀಕ್ಷಾ ಗಾಡಿಯು ಗುಡ್ಡವನ್ನೇನೋ ಹತ್ತಿತು. ಆದರೆ ಮೋಟಾರು ಕೆಟ್ಟು ಅಲ್ಲಿಯೇ ನಿಂತಿತು. ಸುತ್ತಲೂ ಜನ ಸೇರಿದ್ದರು. ಸ್ಪ್ರೇಗ್ ತಮ್ಮ ಸಹಾಯಕನನ್ನು ಪರೀಕ್ಷಾ ಉಪಕರಣಗಳನ್ನು ತರುವಂತೆ ಎಲ್ಲರಿಗೂ ಕೇಳುವ ಹಾಗೆ ಹೇಳಿ ಕಳುಹಿಸಿ, ದೀಪವಾರಿಸಿ ಗಾಡಿಯಲ್ಲಿಯೇ ಮಲಗಿದರು. ಜನ ಚದುರಿದ ಮೇಲೆ ಬಂದ ಉಪಕರಣಗಳೆಂದರೆ ಗಾಡಿಯನ್ನು ಎಳೆದೊಯ್ಯಲು ತಂದ ನಾಲ್ಕು ಹೇಸರಗತ್ತೆಗಳು.

ಮೋಟಾರಿನ ಒಂದು ತುದಿಯನ್ನು ಗಾಲಿಯ ಅಚ್ಚಿನ ಮೇಲೂ ಇನ್ನೊಂದು ತುದಿಯನ್ನು ಸ್ಪ್ರಿಂಗಿನ ಮೂಲಕ ಚೌಕಟ್ಟಿಗೂ ಕೂರಿಸುವ ಕ್ರಮವನ್ನು ಸ್ಪ್ರೇಗ್ ರೂಪಿಸಿದರು. ಇದರಿಂದ ಹಳಿ ಎಷ್ಟು ಕುಲುಕಿದರೂ ಹಲ್ಲುಚಕ್ರಗಳು ಒಂದರೊಳಗೊಂದು ಕೂಡಿಕೊಂಡೇ ಇರುತ್ತಿದ್ದವು. 1888ರ ಫೆಬ್ರವರಿ 2ರಂದು ರಿಚ್ಮಂಡ್ ಸೇವೆ ಆರಂಭವಾಯಿತು. ಈ ಗುತ್ತಿಗೆಯಲ್ಲಿ ಅವರ ಕಂಪನಿಗೆ ಸುಮಾರು 75,000 ಡಾಲರ್ ನಷ್ಟವಾಯಿತು.

ಆ ನಷ್ಟವನ್ನು ಮುಂದಿನ ಯಶಸ್ಸು ತುಂಬಿಕೊಟ್ಟಿತು. ಬಾಸ್ಟನ್ ನಗರದ ಟ್ರಾಮ್ ಸಂಸ್ಥೆಯ ಹೆನ್ರಿ ವಿಟ್ನಿ ರಿಚ್ಮಂಡಿಗೆ ಬಂದಾಗ, ಒಂದೇ ಕಡೆ ಸಾಲಾಗಿ ನಿಲ್ಲಿಸಿದ್ದ 22 ಗಾಡಿಗಳನ್ನು ನಡುರಾತ್ರಿಯಲ್ಲಿ ಒಂದರ ಹಿಂದೊಂದರಂತೆ ಹೊರಡಿಸಿ ತೋರಿಸಲಾಯಿತು. ಇದರಿಂದ ಮನವರಿಕೆಯಾಗಿ ಬಾಸ್ಟನ್ ವಿದ್ಯುತ್ ಟ್ರಾಮನ್ನೇ ಆರಿಸಿಕೊಂಡಿತು. ಎರಡು ವರ್ಷಗಳೊಳಗೆ ನೂರಕ್ಕೂ ಹೆಚ್ಚು ವಿದ್ಯುತ್ ಮಾರ್ಗಗಳು ಸ್ಪ್ರೇಗ್ ಸಾಧನಗಳೊಂದಿಗೆ ಆರಂಭವಾದವು ಇಲ್ಲವೇ ಯೋಜಿತವಾದವು.

1890ರಲ್ಲಿ ಎಡಿಸನ್ ಅವರ ಸಂಸ್ಥೆಯು ಸ್ಪ್ರೇಗ್ ಕಂಪನಿಯನ್ನು ಕೊಂಡುಕೊಂಡಿತು. ಯಂತ್ರಗಳ ಮೇಲಿದ್ದ ಸ್ಪ್ರೇಗ್ ಹೆಸರು ಮರೆಯಾಗಿ ಎಡಿಸನ್ ಹೆಸರು ಬಂದಿತು. ಇದರಿಂದ ನೊಂದ ಸ್ಪ್ರೇಗ್ ಅದೇ ವರ್ಷ ಹೊರಬಂದರು.

ಲಿಫ್ಟು ಮತ್ತು ಬಹುಘಟಕ ರೈಲು

1892ರಲ್ಲಿ ಚಾರ್ಲ್ಸ್ ಪ್ರಾಟ್ ಅವರ ಜೊತೆಗೂಡಿ ವಿದ್ಯುತ್ ಲಿಫ್ಟುಗಳ ಕಂಪನಿಯನ್ನು ಆರಂಭಿಸಿದರು. ನ್ಯೂಯಾರ್ಕಿನ ಪೋಸ್ಟಲ್ ಟೆಲಿಗ್ರಾಫ್ ಕಟ್ಟಡದ ಲಿಫ್ಟುಗಳು ಇವರ ಮೊದಲ ಕೆಲಸಗಳಲ್ಲಿ ಸೇರಿವೆ. ಹಲವು ಲಿಫ್ಟುಗಳನ್ನು ಒಂದೇ ಸ್ಥಳದಿಂದ ನಿಯಂತ್ರಿಸುವ ಉಪಾಯ ಹೊಳೆದಾಗ, ಅದನ್ನೇ ರೈಲಿಗೂ ಅನ್ವಯಿಸಬಹುದೆಂದು ಅವರಿಗೆ ತೋಚಿತು.

ಹೀಗೆ ಹುಟ್ಟಿದ್ದು ಬಹುಘಟಕ ನಿಯಂತ್ರಣ ವ್ಯವಸ್ಥೆ. ಇದರಲ್ಲಿ ಇಡೀ ರೈಲನ್ನು ಒಂದು ಎಂಜಿನ್ ಎಳೆಯುವುದಿಲ್ಲ. ಗಾಡಿಗಳಿಗೆ ಅವವೇ ಮೋಟಾರುಗಳಿದ್ದು, ಎಲ್ಲವನ್ನೂ ಒಬ್ಬನೇ ಚಾಲಕ ಕಡಿಮೆ ಪ್ರಮಾಣದ ವಿದ್ಯುತ್ತಿನ ಸಂಕೇತಗಳಿಂದ ನಡೆಸುತ್ತಾನೆ. 1897ರ ಜುಲೈನಲ್ಲಿ ಸ್ಕೆನೆಕ್ಟಡಿ ನಗರದಲ್ಲಿ ನಡೆದ ಪರೀಕ್ಷೆಯಲ್ಲಿ ಸ್ಪ್ರೇಗ್ ಅವರ ಹತ್ತು ವರ್ಷದ ಮಗನೇ ಆರು ಗಾಡಿಗಳ ರೈಲನ್ನು ಓಡಿಸಿ ತೋರಿಸಿದನು. ಶಿಕಾಗೋದ ಸೌತ್ ಸೈಡ್ ಎತ್ತರಿಸಿದ ರೈಲುಮಾರ್ಗದಲ್ಲಿ ಈ ವ್ಯವಸ್ಥೆ ಮೊದಲು ಜಾರಿಗೆ ಬಂದಿತು. ಇಂದಿನ ಬಹುತೇಕ ಮೆಟ್ರೋ ರೈಲುಗಳು ಮತ್ತು ಅನೇಕ ಉಪನಗರ ರೈಲುಗಳು ಇದೇ ತತ್ತ್ವದ ಮೇಲೆ ಓಡುತ್ತವೆ. ಅನೇಕ ಅಚ್ಚುಗಳಲ್ಲಿ ಮೋಟಾರುಗಳಿರುವುದರಿಂದ ಪುನರುತ್ಪಾದಕ ಬ್ರೇಕಿನ ಬಲವೂ ರೈಲಿನ ಉದ್ದಕ್ಕೂ ಹಂಚಿಹೋಗುತ್ತದೆ.

ರೈಲು ಸುರಕ್ಷತೆ

1902ರ ಜನವರಿ 8ರಂದು ನ್ಯೂಯಾರ್ಕಿನ ಪಾರ್ಕ್ ಅವೆನ್ಯೂ ಸುರಂಗದಲ್ಲಿ ಎರಡು ರೈಲುಗಳು ಡಿಕ್ಕಿಯಾದವು. ಹೊಗೆ ಮತ್ತು ಉಗಿ ಕವಿದಿದ್ದ ಸುರಂಗದಲ್ಲಿ ಚಾಲಕನು ಸಂಕೇತಗಳನ್ನು ದಾಟಿ ಬಂದಿದ್ದನು. ಹಲವರು ಪ್ರಾಣ ಕಳೆದುಕೊಂಡ ಈ ದುರಂತದ ನಂತರ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಮಾರ್ಗಗಳನ್ನು ವಿದ್ಯುದೀಕರಿಸಲಾಯಿತು. ಆ ಕಾರ್ಯಕ್ಕೆ ನೇಮಕವಾದ ಸಮಿತಿಯಲ್ಲಿ ಸ್ಪ್ರೇಗ್ ಸದಸ್ಯರಾಗಿದ್ದರು. ವಿಲಿಯಂ ವಿಲ್ಗಸ್ ಅವರೊಂದಿಗೆ ಸೇರಿ, ತಳಭಾಗದಿಂದ ವಿದ್ಯುತ್ ಪಡೆಯುವ ಮೂರನೇ ಹಳಿಯನ್ನು ರೂಪಿಸಿದರು. ಹಳಿಯ ಮೇಲ್ಭಾಗ ಮತ್ತು ಪಕ್ಕಗಳಿಗೆ ಹೊದಿಕೆಯಿರುವುದರಿಂದ ಹಿಮ ಬಿದ್ದರೂ ವಿದ್ಯುತ್ತಿಗೆ ಅಡ್ಡಿಯಾಗದು. ಹಳಿಯ ಬಳಿ ಕೆಲಸ ಮಾಡುವವರಿಗೂ ಅಪಾಯ ಕಡಿಮೆ.

ಮುಂದೆ ಚಾಲಕನು ಸಂಕೇತವನ್ನು ಕಡೆಗಣಿಸಿದರೆ ರೈಲನ್ನು ತಾನಾಗಿಯೇ ನಿಲ್ಲಿಸುವ ಸ್ವಯಂಚಾಲಿತ ವ್ಯವಸ್ಥೆಗಾಗಿ ಸ್ಪ್ರೇಗ್ ದೀರ್ಘಕಾಲ ಶ್ರಮಿಸಿದರು. ಅದಕ್ಕಾಗಿಯೇ ಒಂದು ಕಂಪನಿಯನ್ನೂ ಕಟ್ಟಿದರು. ಆ ಸಾಧನವು ಅವರ ಜೀವಿತಕಾಲದಲ್ಲಿ ವ್ಯಾಪಕವಾಗಿ ಬಳಕೆಗೆ ಬರಲಿಲ್ಲ. ಭಾರತೀಯ ರೈಲ್ವೆಯ ‘ಕವಚ್’ ವ್ಯವಸ್ಥೆಯ ಉದ್ದೇಶವೂ ಇದೇ ಆಗಿದೆ.

ಪುನರುತ್ಪಾದಕ ಬ್ರೇಕಿನ ರಕ್ಷಣೆ

ಸ್ಪ್ರೇಗ್ ತೋರಿಸಿಕೊಟ್ಟ ಬ್ರೇಕ್ ವಿಧಾನವು ಎಲ್ಲೆಡೆ ನೆಲೆಗೊಳ್ಳಲು ಹಲವು ದಶಕಗಳೇ ಬೇಕಾದವು. ಟ್ರಾಮುಗಳಲ್ಲಿ ಸಾಮಾನ್ಯವಾಗಿ ಬಳಕೆಯಾದ ಸರಣಿ ಮೋಟಾರುಗಳು ಹೊರಡುವಾಗ ಹೆಚ್ಚಿನ ಬಲ ನೀಡುತ್ತಿದ್ದವಾದರೂ ವಿದ್ಯುತ್ತನ್ನು ಮರಳಿಸಲು ಅನುಕೂಲಕರವಾಗಿರಲಿಲ್ಲ. 1902ರಲ್ಲಿ ಇಟಲಿಯ ವಾಲ್ಟೆಲ್ಲಿನಾ ಮಾರ್ಗದಲ್ಲಿ ಹಂಗೇರಿಯ ಕಾಲ್ಮಾನ್ ಕಾಂಡೋ ಬಳಸಿದ ಮೂರು ಫೇಸಿನ ಮೋಟಾರುಗಳಿಗೆ ಈ ಗುಣ ಸಹಜವಾಗಿತ್ತು. ಇಂಗ್ಲೆಂಡಿನಲ್ಲಿ 1911ರಲ್ಲಿ ರಾಟನ್‌ಸ್ಟಾಲ್ ಎಂಬಲ್ಲಿ ಟ್ರಾಮ್ ಅಪಘಾತ ಸಂಭವಿಸಿದ ಬಳಿಕ, ಟ್ರಾಮುಗಳಲ್ಲಿ ಪುನರುತ್ಪಾದಕ ಬ್ರೇಕಿನ ಬಳಕೆಯನ್ನು ತಡೆಹಿಡಿಯಲಾಯಿತು. ಸುಮಾರು ಇಪ್ಪತ್ತು ವರ್ಷಗಳ ನಂತರವೇ ಅದು ಮತ್ತೆ ಬಳಕೆಗೆ ಬಂದಿತು.

ಈ ವಿಧಾನದ ಮುಖ್ಯ ಮಿತಿಯೆಂದರೆ, ಮರಳಿಸಿದ ವಿದ್ಯುತ್ತನ್ನು ಸ್ವೀಕರಿಸಲು ಮಾರ್ಗದಲ್ಲಿ ಬೇರೊಂದು ರೈಲಾಗಲಿ ಸೂಕ್ತ ಉಪಕೇಂದ್ರವಾಗಲಿ ಇರಬೇಕು. ಇಲ್ಲವಾದರೆ ತಂತಿಯ ವೋಲ್ಟೇಜು ಏರಿ ಉಪಕರಣಗಳು ಹಾಳಾಗುತ್ತವೆ. ಅದನ್ನು ತಪ್ಪಿಸಲು ಸಂಪರ್ಕ ಕಡಿದರೆ ಬ್ರೇಕಿನ ಬಲವೇ ಇಲ್ಲವಾಗುತ್ತದೆ. ಆದ್ದರಿಂದ ಆಧುನಿಕ ರೈಲುಗಳಲ್ಲಿ ರಕ್ಷಣೆಯ ಹಲವು ಹಂತಗಳಿವೆ. ನಿಯಂತ್ರಕವು ತಂತಿಯ ವೋಲ್ಟೇಜನ್ನು ಸದಾ ಗಮನಿಸಿ, ಮಿತಿ ಸಮೀಪಿಸಿದಂತೆ ಮರಳಿಸುವ ವಿದ್ಯುತ್ತನ್ನು ತಗ್ಗಿಸುತ್ತದೆ. ಯುರೋಪಿನ ಮಾನದಂಡದ ಪ್ರಕಾರ 750 ವೋಲ್ಟ್ ಮಾರ್ಗದಲ್ಲಿ ನಿರಂತರವಾಗಿ ಇರಬಹುದಾದ ಗರಿಷ್ಠ ವೋಲ್ಟೇಜು 900. ಅನೇಕ ರೈಲುಗಳಲ್ಲಿ ಹೆಚ್ಚಾದ ಶಕ್ತಿಯನ್ನು ರೋಧಕಗಳಲ್ಲಿ ಬಿಸಿಯಾಗಿ ಕಳೆಯುವ ಏರ್ಪಾಡಿದೆ. ಉಳಿದ ಕೊರತೆಯನ್ನು ಗಾಳಿಯೊತ್ತಡದ ಬ್ರೇಕ್ ತುಂಬುತ್ತದೆ. ಮಾರ್ಗದ ಪೂರೈಕೆ ನಿಂತಾಗ ಪುನರುತ್ಪಾದನೆಯೂ ನಿಲ್ಲಬೇಕು; ಇಲ್ಲವಾದರೆ ದುರಸ್ತಿಯಲ್ಲಿರುವ ಸಿಬ್ಬಂದಿಯ ಪ್ರಾಣಕ್ಕೆ ಅಪಾಯ.

ಭಾರತ ಮತ್ತು ಕರ್ನಾಟಕದಲ್ಲಿ

ರಿಚ್ಮಂಡ್ ಸೇವೆ ಆರಂಭವಾದ ಏಳು ವರ್ಷಗಳಲ್ಲಿ, 1895ರಲ್ಲಿ, ಮದ್ರಾಸ್ ನಗರದಲ್ಲಿ ಭಾರತದ ಮೊದಲ ವಿದ್ಯುತ್ ಟ್ರಾಮ್ ಓಡಿತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳನ್ನು ಒಳಗೊಂಡಿದ್ದ ಬಳ್ಳಾರಿ ಜಿಲ್ಲೆಗೆ ಆಗ ಮದ್ರಾಸೇ ಪ್ರಾಂತ್ಯದ ರಾಜಧಾನಿಯಾಗಿತ್ತು. 1925ರ ಫೆಬ್ರವರಿ 3ರಂದು ಮುಂಬಯಿಯಲ್ಲಿ ದೇಶದ ಮೊದಲ ವಿದ್ಯುತ್ ರೈಲು ಸಂಚರಿಸಿತು. 2011ರ ಅಕ್ಟೋಬರ್ 20ರಂದು ಆರಂಭವಾದ ಬೆಂಗಳೂರಿನ ‘ನಮ್ಮ ಮೆಟ್ರೋ’ 750 ವೋಲ್ಟಿನ ಮೂರನೇ ಹಳಿಯಿಂದ ವಿದ್ಯುತ್ ಪಡೆಯುತ್ತದೆ. ಅದರ ರೈಲುಗಳಲ್ಲಿ ಪುನರುತ್ಪಾದಕ ಬ್ರೇಕ್ ಇದೆ. ಭಾರತೀಯ ರೈಲ್ವೆಯ ಡಬ್ಲ್ಯುಎಜಿ-9 ಮತ್ತು ಡಬ್ಲ್ಯುಎಪಿ-7 ಎಂಜಿನ್ನುಗಳಲ್ಲಿಯೂ ಈ ಬ್ರೇಕ್ ಉಂಟು. ಭಾರವಾದ ಸರಕು ರೈಲುಗಳು ಇಳಿಜಾರಿನಲ್ಲಿ ಸಾಗುವಾಗ ಇದರ ಪ್ರಯೋಜನ ಹೆಚ್ಚು.

ವೈಯಕ್ತಿಕ ಜೀವನ

ಸ್ಪ್ರೇಗ್ 1885ರಲ್ಲಿ ಮೇರಿ ಕೀಟಿಂಗ್ ಅವರನ್ನು ವಿವಾಹವಾದರು. ಆ ದಾಂಪತ್ಯ ಮುಗಿದ ನಂತರ 1899ರಲ್ಲಿ ಹ್ಯಾರಿಯೆಟ್ ಜೋನ್ಸ್ ಅವರನ್ನು ವರಿಸಿದರು. ಪುತ್ರ ರಾಬರ್ಟ್ ಸ್ಪ್ರೇಗ್ ಮುಂದೆ ವಿದ್ಯುತ್ ಬಿಡಿಭಾಗಗಳ ಪ್ರಸಿದ್ಧ ಕಂಪನಿಯೊಂದನ್ನು ಸ್ಥಾಪಿಸಿದರು. ಪತಿಯ ಸಾಧನೆಗೆ ಸಲ್ಲಬೇಕಾದ ಮನ್ನಣೆ ಎಡಿಸನ್ ಅವರ ಕೀರ್ತಿಯಲ್ಲಿ ಮರೆಯಾಗದಂತೆ ಹ್ಯಾರಿಯೆಟ್ ಬಹಳ ಕಾಲ ಪ್ರಯತ್ನಿಸಿದರು.

ಗೌರವಗಳು ಮತ್ತು ನಿಧನ

ಸ್ಪ್ರೇಗ್ ಅಮೆರಿಕದ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ಸಲಹಾ ಮಂಡಳಿಯಲ್ಲಿ ಸೇವೆ ಸಲ್ಲಿಸಿದರು. 1910ರಲ್ಲಿ ಎಡಿಸನ್ ಪದಕವೂ 1921ರಲ್ಲಿ ಫ್ರಾಂಕ್ಲಿನ್ ಪದಕವೂ ಅವರಿಗೆ ಸಂದವು. ಜಾನ್ ಫ್ರಿಟ್ಜ್ ಪದಕವನ್ನು ಮರಣೋತ್ತರವಾಗಿ ನೀಡಲಾಯಿತು. 1934ರ ಅಕ್ಟೋಬರ್ 25ರಂದು ನ್ಯೂಯಾರ್ಕ್ ನಗರದಲ್ಲಿ ತಮ್ಮ 77ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಸಮಾಧಿ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿದೆ.